ಐದು ಗೇರಿನ ನೂರಹತ್ತು

"ಬಾನೆಟ್ ಎತ್ತಬೇಡಿ ಮೇಡಂ," ಅಂದರು ಕಲೀಮುಲ್ಲಾ. "ಸ್ಟೇಷನ್‌ಗೆ ಹೋಗೋ ಗಾಡಿ ಅದು. ಮುಟ್ಟಿದ್ರೆ ನಾಳೆ ನಮ್ಮ ತಲೆಗೇ ಬರುತ್ತೆ."

ಅಷ್ಟರಲ್ಲಿ ಉಮಾಶ್ರೀ ಎತ್ತಿಯಾಗಿತ್ತು. ಯಾರಾದರೂ ಬೇಡ ಅನ್ನುವುದರೊಳಗೆ ಕೆಲಸ ಮುಗಿಸಿಬಿಡುವುದು ಅವಳ ಹಳೆಯ ಚಾಳಿ. ಹಾಗೆ ಮಾಡಿದರೆ ಮಾತು ಮೀರಿದಂತೆ ಆಗುವುದಿಲ್ಲ ಎಂಬುದು ಅವಳ ವಾದ.

ಶಿವಾಜಿನಗರದ ಬ್ರಾಡ್‌ವೇ ರಸ್ತೆಯ ಹಿಂದಿನ ಓಣಿಯಲ್ಲಿ ಕಲೀಮುಲ್ಲಾ ಸಾಹೇಬರ ತಗಡಿನ ಶೆಡ್ಡು. ಹಳೇ ಕಾರು ಕೊಂಡು, ತೊಳೆದು, ತಿಕ್ಕಿ ಮಾರುವ ಜಾಗ. ಬಿಳಿಯ ಎತ್ತರದ ಗಾಡಿ ಗೋಡೆಗೆ ಮೂತಿ ಮಾಡಿಕೊಂಡು ನಿಂತಿತ್ತು. ಗೋಡೆಗೂ ಅದಕ್ಕೂ ನಡುವೆ ಟೈರುಗಳ ಅಟ್ಟಿ, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ. ಆ ಜಾಗದಲ್ಲಿ ಉಮಾಶ್ರೀ ಸೊಂಟ ಬಗ್ಗಿಸಿ, ಮೊಬೈಲ್ ಟಾರ್ಚು ಹಿಡಿದು ನಿಂತಿದ್ದಳು.

ಶುಕ್ರವಾರ ಸಂಜೆ ವಿಮಾನಪುರದಲ್ಲಿ ರಾಮಯ್ಯ ಅನ್ನುವ ಹಿರಿಯರಿಗೆ ಗುದ್ದಿ ನಿಲ್ಲಿಸದೆ ಹೋದದ್ದು ಇದೇ ಗಾಡಿ ಎಂದು ಪೊಲೀಸರು ಇವತ್ತು ಬೆಳಿಗ್ಗೆ ಕಲೀಮುಲ್ಲಾರ ತಂಗಿಯ ಮಗ ರಿಜ್ವಾನ್‌ನನ್ನು ಕರೆದೊಯ್ದಿದ್ದರು. ರಾಮಯ್ಯ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಸಂಜೆಯೊಳಗೆ ಗಾಡಿ ಸ್ಟೇಷನ್ ಮುಟ್ಟಬೇಕು; ಮುಟ್ಟಿದ ಕೂಡಲೇ ರಿಜ್ವಾನ್‌ನ ಅರೆಸ್ಟ್ ಬರೆಯುತ್ತಾರೆ. ರಿಜ್ವಾನ್‌ನ ತಾಯಿಯ ಪರವಾಗಿ ಬಂದಿದ್ದ ಉಮಾಶ್ರೀಗೆ ಉಳಿದಿದ್ದ ಹೊತ್ತು ಇಷ್ಟೇ.

"ಟೀ ಮುಗಿಯೋವರೆಗೆ ನೋಡ್ಕೊಳ್ಳಿ ಮೇಡಂ," ಅಂದ ಬಾಗಿಲಲ್ಲಿ ಬೈಕಿನ ಮೇಲೆ ಕೂತಿದ್ದ ಕಾನ್‌ಸ್ಟೇಬಲ್ ಸುನೀಲ್. "ಏನನ್ನೂ ಬಿಚ್ಚಬೇಡಿ ಅಷ್ಟೇ. ಆದ್ರೆ ಏನು ಪ್ರಯೋಜನ? ಹುಡುಗ ತಾನೇ ಹೇಳ್ಬಿಟ್ಟಿದಾನೆ. ಗಾಡಿ ಒನ್ ಟೆನ್ನೇ ಸಾರ್, ಬರ್ಕೊಳ್ಳಿ ಅಂದ."

"ನೀವು ಟೀ ನಿಧಾನಕ್ಕೆ ಕುಡೀರಿ ಸುನೀಲ್. ಬಿಸಿ ಇದೆ."

ಈ ಗಾಡಿಯ ವಿಷಯ ಸ್ವಲ್ಪ ಹೇಳಲೇಬೇಕು. ಒಂದೇ ಮೈ, ಒಂದೇ ಬಾಗಿಲು, ಒಂದೇ ಸೀಟು ಇಟ್ಟುಕೊಂಡು ಅದರ ಕಂಪನಿಯವರು ಎರಡು ಬಗೆಯ ಡೀಸೆಲ್ ಎಂಜಿನ್ ಕೂರಿಸಿ ಮಾರಿದ್ದರು. ಒಂದಕ್ಕೆ ಎಂಬತ್ತೈದು ಕುದುರೆಶಕ್ತಿ, ಇನ್ನೊಂದಕ್ಕೆ ನೂರಹತ್ತು. ಎರಡಕ್ಕೂ ಸಿಸಿ ಒಂದೇ. ಹಾಗಾಗಿ ಹಳೆಯ ಆರ್‌ಸಿ ನೋಡಿದರೆ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಹೊರಗಿನ ಗುರುತು ಅಂದರೆ ಡಿಕ್ಕಿ ಬಾಗಿಲ ಮೇಲಿನ ಹೆಬ್ಬೆರಳಗಲದ '110' ಎಂಬ ಬ್ಯಾಡ್ಜು ಒಂದೇ.

ಆ ಬ್ಯಾಡ್ಜೇ ರಿಜ್ವಾನ್‌ನ ಕುತ್ತಿಗೆಗೆ ಬಂದಿತ್ತು. ವಿಮಾನಪುರದ ಬೇಕರಿಯ ಕ್ಯಾಮೆರಾದಲ್ಲಿ ಓಡಿಹೋಗುವ ಬಿಳಿ ಗಾಡಿಯ ಹಿಂಭಾಗ ಕಂಡಿತ್ತು. ಮಹದೇವಪುರದ ನಿಂತ ನೀರಲ್ಲಿ ಮುಳುಗೆದ್ದು ಬಂದಿತ್ತೋ ಏನೋ, ನಂಬರ್ ಪ್ಲೇಟಿನ ತುಂಬ ಕೆಸರು. ಅದರ ಮೇಲೆ '110' ಮಾತ್ರ ಮಿರಮಿರ ಮಿಂಚುತ್ತಿತ್ತು. ಬಿಳಿಯ ನೂರಹತ್ತು ಹುಡುಕುತ್ತ ಪೊಲೀಸರು ಶಿವಾಜಿನಗರಕ್ಕೆ ಬಂದಾಗ ಶೆಡ್ಡಿನಲ್ಲಿ ಇದು ನಿಂತಿತ್ತು, ಮೇಲಾಗಿ ಆ ಸಂಜೆ ರಿಜ್ವಾನ್ ಇದನ್ನು ಮಹದೇವಪುರದ ಗಿರಾಕಿಯೊಬ್ಬನಿಗೆ ತೋರಿಸಲು ಅದೇ ದಾರಿಯಲ್ಲಿ ಹೋಗಿದ್ದ. ಮುಂದಿನ ಬಂಪರಿಗೆ ಹೊಸ ಬಣ್ಣ ಬೇರೆ. ಮಾರಾಟಕ್ಕಿಟ್ಟ ಯಾವ ಗಾಡಿಯ ಬಂಪರಿಗೆ ಹೊಸ ಬಣ್ಣ ಇರುವುದಿಲ್ಲ ಹೇಳಿ. ಆದರೆ ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಉಮಾಶ್ರೀಗೆ ಸಾಕಾಗಿರಲಿಲ್ಲ. ಬೆಳಿಗ್ಗೆ ಸ್ಟೇಷನ್ನಿನ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ಕರಿ ಪೈಪಿನ ತುಂಡನ್ನು ಅವಳು ನೋಡಿದ್ದಳು. ರಾಮಯ್ಯನವರಿಗೆ ಗುದ್ದಿದ ಗಾಡಿ ಫುಟ್‌ಪಾತಿನ ಕಲ್ಲಿಗೆ ಮೂತಿ ಉಜ್ಜಿದಾಗ ಮುರಿದು ಬಿದ್ದದ್ದು. ಪೊಲೀಸರು ಅದನ್ನು ಬರೀ 'ಪ್ಲಾಸ್ಟಿಕ್ ಚೂರು' ಎಂದು ಕರೆದಿದ್ದರು. ವಿಮಾ ಕಂಪನಿಯೊಂದಕ್ಕೆ ಆಕ್ಸಿಡೆಂಟ್ ಗಾಡಿಗಳ ಸರ್ವೇ ಮಾಡಿ ಮಾಡಿ ಸಾಕಾಗಿ, ಜೋಗುಪಾಳ್ಯದಲ್ಲಿ ಸ್ವಂತ ಪತ್ತೇದಾರಿ ಕಚೇರಿ ಇಟ್ಟವಳು ಉಮಾಶ್ರೀ. ಆ ತುಂಡು ಏನೆಂದು ನೋಡಿದ ಕೂಡಲೇ ಅವಳಿಗೆ ಗೊತ್ತಾಗಿತ್ತು.

ಟರ್ಬೊ ದಬ್ಬುವ ಗಾಳಿ ಕಾದಿರುತ್ತದೆ. ಅದನ್ನು ಎಂಜಿನ್‌ಗೆ ಬಿಡುವ ಮೊದಲು ತಣ್ಣಗೆ ಮಾಡಲು ಇಂಟರ್‌ಕೂಲರ್ ಅಂತ ಒಂದಿರುತ್ತದೆ, ಬಂಪರಿನ ಹಿಂದೆ ರೇಡಿಯೇಟರಿನ ತಂಗಿಯ ಹಾಗೆ. ಮುರಿದು ಬಿದ್ದದ್ದು ಅದಕ್ಕೆ ಹೋಗುವ ಪೈಪು. ಈ ಜಾತಿಯ ಗಾಡಿಗಳಲ್ಲಿ ಆ ಏರ್ಪಾಡು ಇರುವುದು ನೂರಹತ್ತಕ್ಕೆ ಮಾತ್ರ.

ಅವಳು ಟಾರ್ಚನ್ನು ಬಂಪರಿನ ಹಿಂದಿನ ಸಂದಿಗೆ ಬಿಟ್ಟಳು. ರೇಡಿಯೇಟರ್ ಇತ್ತು. ಅದರ ತಂಗಿ ಇರಲಿಲ್ಲ. ಬಿಚ್ಚಿ ತೆಗೆದ ಗುರುತಾದರೂ ಇದೆಯೇ ಎಂದು ನೋಡಿದಳು. ಪೈಪು ಹಿಡಿಯುವ ಕ್ಲಿಪ್ಪಿಲ್ಲ, ಬೋಲ್ಟಿನ ತೂತಿಲ್ಲ. ವರ್ಷಗಳ ಧೂಳು ಒಂದೇ ಸಮ ಹಬ್ಬಿಕೊಂಡಿತ್ತು.

ಬಾನೆಟ್ ಇಳಿಸಿ, ಡ್ರೈವರ್ ಬಾಗಿಲು ತೆಗೆದು ಬಗ್ಗಿದಳು. ಗೇರ್ ರಾಡಿನ ಗುಂಡಿನ ಮೇಲೆ ಕೆತ್ತಿದ ಅಂಕಿಗಳು ಸವೆದಿದ್ದವು, ಆದರೂ ಓದಬಹುದಿತ್ತು. ಒಂದರಿಂದ ಐದು. ಐದರ ಕೆಳಗೆ, ಬಲಗಡೆಯ ಮೂಲೆಯಲ್ಲಿ ರಿವರ್ಸ್.

"ಐದೇ ಗೇರು," ಅಂದಳು.

ಸುನೀಲ್ ಲೋಟ ಹಿಡಿದುಕೊಂಡೇ ಹತ್ತಿರ ಬಂದ. "ಅಂದ್ರೆ?"

"ಒನ್ ಟೆನ್‌ಗೆ ಆರು ಗೇರು ಕಣ್ರೀ. ಇಲ್ಲಿ ರಿವರ್ಸ್ ಇದೆ ನೋಡಿ, ಈ ಮೂಲೆ, ಒನ್ ಟೆನ್‌ನಲ್ಲಿ ಇಲ್ಲಿ ಆರನೇ ಗೇರು ಕೂತಿರುತ್ತೆ. ರಿವರ್ಸ್‌ಗೆ ಜಾಗ ಇಲ್ಲದೆ ಅದನ್ನ ಈ ಕಡೆ ತಂದು ಹಾಕಿದಾರೆ, ಎಡಗಡೆ ಮೇಲೆ, ಒಂದನೇ ಗೇರಿನ ಪಕ್ಕ. ಗೊತ್ತಿಲ್ಲದೆ ಬೀಳಬಾರದು ಅಂತ ಗುಂಡಿನ ಕೆಳಗೆ ಒಂದು ಉಂಗುರ. ಅದನ್ನ ಎರಡು ಬೆರಳಲ್ಲಿ ಮೇಲಕ್ಕೆಳೆದು ಹಾಕ್ಬೇಕು. ಇದರಲ್ಲಿ ಉಂಗುರಾನೇ ಇಲ್ಲ."

"ಗೊತ್ತು ಬಿಡಿ," ಅಂದರು ಕಲೀಮುಲ್ಲಾ, ಕನ್ನಡಕ ಒರೆಸಿಕೊಳ್ಳುತ್ತ. "ನಮ್ಮನೆ ಗಾಡೀನೂ ಇದೇ. ಎಯ್ಟಿಫೈವೇ. ನಾಲ್ಕು ವರ್ಷದಿಂದ ನಾನೇ ಓಡಿಸ್ತಿರೋದು. ಒನ್ ಟೆನ್ ಮುಟ್ಟಿ ಎಷ್ಟು ಕಾಲ ಆಯ್ತೋ."

"ಗೊತ್ತಿದ್ರೆ ಬೆಳಿಗ್ಗೆ ಯಾಕೆ ಹೇಳ್ಲಿಲ್ಲ ಚಾಚಾ?"

ಅವರು ಕನ್ನಡಕ ಒರೆಸುತ್ತಲೇ ಇದ್ದರು. ಸುನೀಲ್ ಒಮ್ಮೆ ಗೇರ್ ರಾಡನ್ನೂ ಒಮ್ಮೆ ಡಿಕ್ಕಿಯನ್ನೂ ನೋಡಿದ. "ಹಂಗಾದ್ರೆ ಹಿಂದೆ ಒನ್ ಟೆನ್ ಅಂತ ಯಾಕಿದೆ?"

ಅದೇ ಪ್ರಶ್ನೆ. ಭಾನುವಾರವಾದ್ದರಿಂದ ಕಂಪನಿಯ ಸರ್ವೀಸ್ ಸೆಂಟರಿಗೆ ಬೀಗ. ಎಂಜಿನ್ ನಂಬರ್ ಹೇಳಿ ಕೇಳುವಂತಿರಲಿಲ್ಲ. ಉಮಾಶ್ರೀ ಹೊರಗೆ ಬಂದು, ರಿಜ್ವಾನ್ ಶುಕ್ರವಾರ ಗಾಡಿ ತೋರಿಸಿದ್ದ ಗಿರಾಕಿಗೆ ಫೋನ್ ಹಚ್ಚಿದಳು. ಹೆಸರು ಬಸವಪ್ರಭು, ಹುಬ್ಬಳ್ಳಿ ಕಡೆಯವ, ಐಟಿ ಕೆಲಸ.

"ಹೌದ್ರಿ, ಶುಕ್ರವಾರ ಸಂಜಿಗೆ ಬಂದಿದ್ರು," ಅಂದ ಆತ. "ಎಂಬತ್ತೈದು ಐತ್ರಿ, ಮೊದ್ಲ ಹೇಳಾಕತ್ತೀನಿ ಅಂದ್ರು. ನನಗ ಮನಿಮಂದಿನ್ನೆಲ್ಲಾ ತುಂಬ್ಕೊಂಡು ಊರಿಗೆ ಹೋಗಾಕ ಒನ್ ಟೆನ್ ಬೇಕಿತ್ತು. ಅದಕ್ಕ ಬ್ಯಾಡಂದೆ."

"ಹಿಂದೆ ಒನ್ ಟೆನ್ ಅಂತ ಬ್ಯಾಡ್ಜ್ ಇರ್ಲಿಲ್ವಾ?"

"ಇಲ್ರಿ. ಇದ್ದಿದ್ರ ಕೇಳ್ದ ಬಿಡ್ತಿದ್ನೇನ್ರಿ ನಾನು? ಬೆಳಕಿರೂತ್ಲೆನ ಹೊಳ್ಳಿ ಹೋದ್ರು. ಬಾಳ ಛಲೋ ಹುಡುಗ್ರಿ. ಏನಾರ ಆಗೇತೇನು?"

"ಏನೂ ಆಗದೇ ಇರ್ಲಿ ಅಂತಾನೇ ಕೇಳ್ತಿರೋದು," ಅಂದು ಉಮಾಶ್ರೀ ಫೋನ್ ಇಟ್ಟಳು.

ಈಗ ಅವಳಿಗೆ ನಿಜಕ್ಕೂ ಸಂಕಟವಾಯಿತು. ರಿಜ್ವಾನ್‌ಗೆ ಇದು ಎಂಬತ್ತೈದು ಎಂದು ಗೊತ್ತಿತ್ತು. ಗಿರಾಕಿ ಕೈತಪ್ಪಿದರೂ ಪರವಾಗಿಲ್ಲ ಎಂದು ಅದನ್ನು ಬಾಯಿಬಿಟ್ಟು ಹೇಳಿದ್ದ. ಅಂಥ ಹುಡುಗ ಪೊಲೀಸರ ಮುಂದೆ ಮಾತ್ರ ನೂರಹತ್ತು ಎಂದು ಯಾಕೆ ಅಂದ? ಒಂದೇ ಒಂದು ನಿಜ ಅವನನ್ನು ಬಿಡಿಸುತ್ತಿತ್ತು. ಅದನ್ನು ನುಂಗಿಕೊಂಡು ಕೂತಿದ್ದಾನೆ.

ಅವಳು ಡಿಕ್ಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬ್ಯಾಡ್ಜಿನ ಅಂಚಿನಲ್ಲಿ ಹೊಸ ಅಂಟು ಇನ್ನೂ ಬೆಳ್ಳಗೆ ಉಕ್ಕಿ ನಿಂತಿತ್ತು. ಆದರೆ ಬ್ಯಾಡ್ಜು ಹೊಸದಲ್ಲ. ಬಿಸಿಲಿಗೆ ಹೊಳಪು ಮಾಸಿತ್ತು, ಸೊನ್ನೆಯ ತಳದಲ್ಲಿ ಬೆಳ್ಳಿಬಣ್ಣ ಎದ್ದುಹೋಗಿತ್ತು. ಎಲ್ಲೋ ವರ್ಷಗಟ್ಟಲೆ ಇನ್ನೊಂದು ಗಾಡಿಯ ಬೆನ್ನ ಮೇಲೆ ಇದ್ದು ಬಂದದ್ದು.

"ಚಾಚಾ," ಅಂದಳು ತಿರುಗದೆ. "ಇದನ್ನ ಯಾವಾಗ ಅಂಟಿಸಿದ್ರಿ?"

ಹೊರಗೆ ಯಾವನೋ ಸೈಕಲ್ ಬೆಲ್ಲು ಬಾರಿಸುತ್ತ ಬನ್ನು ಮಾರಿಕೊಂಡು ಹೋದ. ಕಲೀಮುಲ್ಲಾ ಸ್ಟೂಲು ಎಳೆದುಕೊಂಡು ಕೂತರು. ಕೂತ ರೀತಿಗೇ ಅವರಿಗೆ ಎಷ್ಟು ವಯಸ್ಸಾಗಿದೆ ಎಂದು ತಿಳಿಯುತ್ತಿತ್ತು.

"ನಿನ್ನೆ ಬೆಳಿಗ್ಗೆ," ಅಂದರು.

"ಎಲ್ಲಿ ಸಿಕ್ತು?"

"ಗುಜರಿಯಲ್ಲಿ. ಶಿವಾಜಿನಗರ ಗುಜರಿಯಲ್ಲಿ ಸಿಗದೇ ಇರೋದು ಏನಿದೆ ಬೇಟಾ." ನಗಲು ನೋಡಿದರು, ಆಗಲಿಲ್ಲ. "ಎಯ್ಟಿಫೈವ್ ಅಂದ್ರೆ ಯಾರೂ ನಿಂತು ನೋಡೋದೇ ಇಲ್ಲ. ಆ ಹುಬ್ಬಳ್ಳಿಯವರೂ ಬೇಡ ಅಂದ್ಬಿಟ್ರು. ಒಂದು ಬ್ಯಾಡ್ಜ್ ತಾನೇ ಅಂದ್ಕೊಂಡೆ. ಶೈತಾನ್ ತಲೆಗೆ ಹತ್ತಿದ್ದ."

ಸುನೀಲ್ ಏನೋ ಹೇಳಲು ಬಾಯಿ ತೆರೆದ. ಉಮಾಶ್ರೀ ಕೈಸನ್ನೆ ಮಾಡಿದಳು. ಅವಳಿಗೆ ಈ ಮನುಷ್ಯನನ್ನು ಬೈಯಬೇಕು ಅನ್ನಿಸಲಿಲ್ಲ. ಮೀಟರು ತಿರುಗಿಸುವವರ, ಬಣ್ಣ ಬಳಿದು ತುಕ್ಕು ಮುಚ್ಚುವವರ ನಡುವೆ ಕೂತು, ಕಲೀಮುಲ್ಲಾ ಹೇಳಿದ ಮೇಲೆ ಗಾಡಿಯ ಅಡಿಗೆ ಬಗ್ಗಿ ನೋಡಬೇಕಾಗಿಲ್ಲ ಎಂಬ ಹೆಸರು ಸಂಪಾದಿಸಿದ್ದ ಮುದುಕ. ರಿಜ್ವಾನ್‌ನ ಅಪ್ಪ ತೀರಿಕೊಂಡಾಗ ಕೈಕೂಸಾಗಿದ್ದ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರೂ ಇವರೇ.

"ರಿಜ್ವಾನ್‌ಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿನ್ನೆ ನೋಡಿ ಬೈದ. ಮಾಮೂ, ನೀವೇ ಹಿಂಗೆ ಮಾಡಿದ್ರೆ ಹೆಂಗೆ ಅಂದ." ಸ್ಟೂಲಿನ ಅಂಚು ಹಿಡಿದುಕೊಂಡರು. "ಬೆಳಿಗ್ಗೆ ಪೊಲೀಸ್ನೋರು ಇದು ಒನ್ ಟೆನ್ನಾ ಅಂತ ಕೇಳಿದಾಗ ಒಂದ್ಸಲ ನನ್ನ ಮುಖ ನೋಡ್ದ. ಆಮೇಲೆ ಹೌದು ಸಾರ್ ಅಂದ್ಬಿಟ್ಟ. ಮಾರ್ಕೆಟ್ಟೆಲ್ಲಾ ಬಾಗಿಲಲ್ಲಿ ನಿಂತಿತ್ತು. ಎಲ್ಲರ ಮುಂದೆ ನನ್ನ ಮಾನ ತೆಗೀಬಾರ್ದು ಅಂತ."

"ನೀವು ಸುಮ್ನಿದ್ರಿ."

"ಸುಮ್ನಿದ್ದೆ."

ಮಾವನ ಮಾನ ಉಳಿಸಲು ಹೋಗಿ ಹುಡುಗ ಜೈಲಿಗೆ ತಲೆ ಕೊಟ್ಟಿದ್ದಾನೆ. ರಾಮಯ್ಯನವರಿಗೆ ಏನಾದರೂ ಆದರೆ ಈ ಸುಳ್ಳಿಗೆ ಜೀವವಿಡೀ ಅವನೇ ಹೊಣೆ.

"ನನ್ನ ಮಗ ಒಂದು ಬ್ಯಾಡ್ಜಿಗೋಸ್ಕರ ಒಳಗೆ ಕೂತಿದಾನಾ?"

ಬಾಗಿಲಲ್ಲಿ ನೂರುನ್ನೀಸಾ ನಿಂತಿದ್ದರು. ರಿಜ್ವಾನ್‌ನ ತಾಯಿ. ಉಮಾಶ್ರೀಯ ರವಿಕೆಗಳನ್ನೆಲ್ಲ ಹೊಲಿಯುವವರು. ಇವತ್ತು ಬೆಳಿಗ್ಗೆ ಟೇಪು ಕೊರಳಲ್ಲಿದ್ದ ಹಾಗೆಯೇ ಜೋಗುಪಾಳ್ಯಕ್ಕೆ ಓಡಿಬಂದು ಈ ಕೇಸು ಅವಳ ಕೈಗೆ ಹಾಕಿದವರು. ಈಗ ಕೈಯಲ್ಲಿ ಮಗನಿಗೆಂದು ತಂದ ಊಟದ ಕ್ಯಾರಿಯರ್ ಇತ್ತು.

"ಆಪಾ, ಯಾವಾಗ ಬಂದ್ರಿ?" ಅಂದಳು ಉಮಾಶ್ರೀ.

"ಈಗಲೇ. ಆಟೋದವರು ಯಾರೂ ಬರೋಕೆ ಒಪ್ತಿಲ್ಲ. ಭಾಯಿಜಾನ್ ಮನೆ ಗಾಡಿ ಇದ್ದಿದ್ರೆ ಅದರಲ್ಲೇ ಬರ್ತಿದ್ದೆ. ಅದನ್ನೂ ನಿನ್ನೆ ಟಿಂಕರಿಂಗ್‌ಗೆ ಅಂತ ಕೆ.ಆರ್.ಪುರಕ್ಕೆ ಬಿಟ್ಟಿದಾರೆ." ಆಕೆ ಅಣ್ಣನ ಮುಂದೆ ಬಂದು ನಿಂತರು. ಕೂಗಾಡಲಿಲ್ಲ. ಕ್ಯಾರಿಯರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಅವನು ಚಿಕ್ಕವನಿದ್ದಾಗ ನಿಮ್ಮ ಚಪ್ಪಲಿ ಹಾಕ್ಕೊಂಡು ಮಾಮೂ ಥರಾ ನಡೀತೀನಿ ಅಂತಿದ್ದ. ನೆನಪಿದ್ಯಾ ಭಾಯಿಜಾನ್?"

ಕಲೀಮುಲ್ಲಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ ನೀರು ಇಳಿದು ಬಿಳಿ ಗಡ್ಡಕ್ಕೆ ಬಂತು. ಸುನೀಲ್ ಬೇರೆ ಕಡೆ ನೋಡಿದ.

ಉಮಾಶ್ರೀ ಸ್ಟೂಲಿನ ಪಕ್ಕ ಬಗ್ಗಿದಳು. "ಚಾಚಾ, ಇನ್ನೂ ಕೆಟ್ಟಿಲ್ಲ. ಗುದ್ದಿದ ಗಾಡೀಲಿ ಇಂಟರ್‌ಕೂಲರ್ ಇತ್ತು. ಇದರಲ್ಲಿ ಅದಕ್ಕೆ ಜಾಗಾನೇ ಇಲ್ಲ. ನೀವು ಬಂದು, ಇದು ಎಯ್ಟಿಫೈವು, ಬ್ಯಾಡ್ಜ್ ಅಂಟಿಸಿದ್ದು ನಾನು, ಅದೂ ಆಕ್ಸಿಡೆಂಟ್ ಆದ ಮಾರನೇ ದಿನ ಅಂತ ಹೇಳಿದ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ. ಮಾರ್ಕೆಟ್‌ನಲ್ಲಿ ನಾಲ್ಕು ಜನ ನಗಬಹುದು."

"ನಗಲಿ," ಅಂದರು ಕಲೀಮುಲ್ಲಾ. ಮುಖ ಒರೆಸಿಕೊಂಡು ಎದ್ದರು. "ನಡೀರಿ. ನಾನೇ ಹೇಳ್ತೀನಿ. ಗಾಡೀನೂ ನಾನೇ ತಗೊಂಡ್ಬರ್ತೀನಿ."

ಸುನೀಲ್ ಲೋಟ ಇಟ್ಟು ಬೈಕು ಸ್ಟಾರ್ಟ್ ಮಾಡಿದ. "ಹಿಂದೆ ತಗೊಂಡು ರೋಡಿಗೆ ಬನ್ನಿ ಸಾಬ್ರೇ. ನಾನು ಮುಂದೆ ಹೋಗ್ತೀನಿ, ನೀವು ಹಿಂದೆ ಬನ್ನಿ." ಅವನ ಮುಖದಲ್ಲೂ ನಿರಾಳ ಕಾಣಿಸಿತು. ಯಾರನ್ನೋ ಒಳಗೆ ಹಾಕುವುದಕ್ಕಿಂತ ಬಿಡುವುದು ಅವನಿಗೂ ಇಷ್ಟವೇ ಇರಬೇಕು.

ನೂರುನ್ನೀಸಾ ಹಿಂದಿನ ಸೀಟಿನಲ್ಲಿ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಉಮಾಶ್ರೀ ಮುಂದೆ, ಕಲೀಮುಲ್ಲಾ ಪಕ್ಕದಲ್ಲಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಅವಳಿಗೆ ಈಗ ನೆನಪಾಯಿತು. ಕ್ಯಾರಿಯರಿನಿಂದ ಖುಷ್ಕಾದ ವಾಸನೆ ಬರುತ್ತಿತ್ತು. ಹುಡುಗ ಹೊರಗೆ ಬಂದ ಮೇಲೆ ಒಂದು ತುತ್ತು ಕೇಳಿಯೇ ಬಿಡಬೇಕು ಅಂದುಕೊಂಡಳು.

ಎಂಜಿನ್ ಗುರ್ ಅಂತು. ಮುಂದೆ ಗೋಡೆ, ಟೈರಿನ ಅಟ್ಟಿ. ಗಾಡಿ ಹಿಂದಕ್ಕೇ ಹೋಗಬೇಕು. ಕಲೀಮುಲ್ಲಾ ಕ್ಲಚ್ ತುಳಿದು, ಕತ್ತು ತಿರುಗಿಸಿ ಹಿಂದಿನ ಗಾಜಿನತ್ತ ನೋಡಿದರು. ಕಣ್ಣು ಹಿಂದೆ. ಎಡಗೈ ತನ್ನ ಪಾಡಿಗೆ ಗೇರ್ ರಾಡಿನ ಮೇಲೆ ಹೋಯಿತು.

ಉಮಾಶ್ರೀ ಆ ಕೈಯನ್ನು ಸುಮ್ಮನೆ ನೋಡುತ್ತಿದ್ದಳು.

ಎರಡು ಬೆರಳು ಗುಂಡಿನ ಕೆಳಗೆ ಇಳಿದವು. ಅಲ್ಲಿ ಏನನ್ನೋ ಹುಡುಕಿದವು. ಸಿಗದಿದ್ದರೂ, ಸಿಕ್ಕಿದ ಹಾಗೆಯೇ ಮೇಲಕ್ಕೆ ಎಳೆದವು. ಆಮೇಲೆ ಕೈ ರಾಡನ್ನು ಪೂರ್ತಿ ಎಡಕ್ಕೆ ಒತ್ತಿ, ಮೇಲಕ್ಕೆ ದೂಡಿತು.

ಕ್ಲಚ್ ಬಿಟ್ಟರು. ಗಾಡಿ ಮುಂದಕ್ಕೆ ಹಾರಿ ಟೈರಿನ ಅಟ್ಟಿಗೆ ಗುದ್ದಿ ಆಫ್ ಆಯಿತು. ಮೇಲಿನ ಟೈರೊಂದು ಉರುಳಿ ಬಾನೆಟ್ ಮೇಲೆ ಬಿತ್ತು.

ನಾಲ್ಕು ವರ್ಷದಿಂದ ಎಂಬತ್ತೈದನ್ನೇ ಓಡಿಸಿದ ಕೈ ರಿವರ್ಸ್‌ಗೆ ಬಲಕ್ಕೆ, ಕೆಳಕ್ಕೆ ಹೋಗಬೇಕಿತ್ತು. ಇದೇ ಸೀಟು, ಇದೇ ಗುಂಡು, ಇದೇ ಗಾಡಿ. ಈ ಕೈ ಇಲ್ಲದ ಉಂಗುರವನ್ನು ಹುಡುಕಿತ್ತು.

ಉಮಾಶ್ರೀಗೆ ಬ್ಯಾಡ್ಜು ನೆನಪಾಯಿತು. ಮಾಸಿದ ಹೊಳಪು, ಸೊನ್ನೆಯ ತಳದಲ್ಲಿ ಎದ್ದುಹೋದ ಬೆಳ್ಳಿಬಣ್ಣ. ಗುಜರಿಯಲ್ಲಿ ಸಿಕ್ಕಿದ್ದಲ್ಲ ಅದು. ನಿನ್ನೆ ಕೆ.ಆರ್.ಪುರಕ್ಕೆ ಹೋದ ಮನೆಯ ಗಾಡಿಯ ಬೆನ್ನಿಂದ ಕಿತ್ತದ್ದು. ರಿಜ್ವಾನ್ ಬೆಳಿಗ್ಗೆ ಮಾವನ ಮುಖ ನೋಡಿ ಹೌದು ಅಂದದ್ದು ಮಾನ ಉಳಿಸಲಿಕ್ಕಲ್ಲ, ಮಾವನನ್ನೇ ಉಳಿಸಲಿಕ್ಕೆ.

"ಚಾಚಾ," ಅಂದಳು, ಅವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. "ಮನೆ ಗಾಡಿಗೆ ಎಷ್ಟು ಗೇರು?"

ಕಲೀಮುಲ್ಲಾ ತಮ್ಮ ಎಡಗೈಯನ್ನೇ ನೋಡುತ್ತಿದ್ದರು. ಅದು ಇನ್ನೂ ಗುಂಡಿನ ಮೇಲೇ ಇತ್ತು.

"ಅವನಿಗೆ ಗೊತ್ತು ಬೇಟಾ," ಅಂದರು ಉಸಿರಲ್ಲಿ. "ಎಲ್ಲಾ ಗೊತ್ತು ಅವನಿಗೆ."

ಓಣಿಯ ಬಾಯಲ್ಲಿ ಸುನೀಲ್ ಹಾರ್ನ್ ಹೊಡೆದ. ಹಿಂದಿನ ಸೀಟಿನಿಂದ ನೂರುನ್ನೀಸಾ ಮುಂದೆ ಬಾಗಿ, ಅಣ್ಣನ ಹೆಗಲ ಮೇಲೆ ಕೈಯಿಟ್ಟರು.

"ಗಾಬರಿ ಆಗ್ಬೇಡಿ ಭಾಯಿಜಾನ್, ನಿಧಾನಕ್ಕೆ ತೆಗೀರಿ," ಅಂದರು. "ನೀವು ಹೋಗಿ ನಿಜ ಹೇಳಿದ್ರೆ ಸಾಕು. ನನ್ನ ಮಗ ಮನೆಗೆ ಬರ್ತಾನೆ."